ಜೇನಿನ ಹಿಂದೆ ಹೋದವನು

ಆ ಭಾನುವಾರ ನಾವೆಲ್ಲ ಚರ್ಚಿನಲ್ಲಿ ಮೊಣಕಾಲೂರಿದ್ದಾಗ ಹೊರಗೆ ಬೋಗುಣಿ ಬಡಿಯುವ ಸದ್ದು ಕೇಳಿಸಿತು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಸೇಬಿನ ಹೂವು ಉದುರಿಹೋಗಿತ್ತು. ಬಣ್ಣದ ಗಾಜಿನಿಂದ ಇಳಿದ ಬೆಳಕು ಕಲ್ಲುನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಪಾದ್ರಿ ಥರ್ಲೋ ಅವರು ಕೀರ್ತನೆ ಓದುವುದನ್ನು ನಿಲ್ಲಿಸಲಿಲ್ಲ. ದನಿ ಮಾತ್ರ ತುಸು ನಿಧಾನವಾಯಿತು. ಸದ್ದು ಚರ್ಚಿನ ಗೋಡೆಯ ಪಕ್ಕದಲ್ಲೇ ಹಾದು, ಗಿರಣಿಯ ಹುಲ್ಲುಗಾವಲು ದಾಟಿ, ಬೆಟ್ಟ ಹತ್ತತೊಡಗಿತು. ತಲೆ ಎತ್ತದೆಯೇ ನಮಗೆಲ್ಲ ಗೊತ್ತಾಯಿತು, ಜೇಬೆಜ್‌ನ ಜೇನು ಎದ್ದಿದೆ.

ನಮ್ಮೂರು ಲಿಡ್‌ಹೋಪಿನಲ್ಲಿ ಗೂಡು ಬಿಟ್ಟು ಜೇನು ಎದ್ದರೆ, ಒಡೆಯನಾದವನು ಮನೆಯ ಬೀಗದ ಕೈಯಿಂದ ಬೋಗುಣಿ ಬಡಿಯುತ್ತ ಅದರ ಹಿಂದೆ ಹೋಗಬೇಕು. ಬಡಿತ ಕೇಳಿಸುವವರೆಗೆ ಹಿಂಡು ಅವನದು. ಯಾರ ಬೇಲಿಯನ್ನಾದರೂ ಅವನು ಹಾರಬಹುದು, ಯಾರ ಹೊಲವನ್ನಾದರೂ ತುಳಿಯಬಹುದು; ಯಾರೂ ಏನೂ ಅನ್ನುವ ಹಾಗಿಲ್ಲ. ಬಡಿತ ನಿಂತರೆ ಜೇನು ದೇವರದು, ಆಮೇಲೆ ಅದು ಯಾರ ಅಂಗಳದಲ್ಲಿ ಇಳಿಯುತ್ತದೋ ಅವರದು.

ಬಡಿತ ಮೇಲೆ ಮೇಲೆ ಹೋಗಿ ಸಣ್ಣದಾಯಿತು. ಪಾದ್ರಿಗಳು ಆಶೀರ್ವಾದ ಹೇಳುವ ಹೊತ್ತಿಗೆ ಅದು ಬೋಗುಣಿಯ ಸದ್ದೋ ನಮ್ಮ ಕಿವಿಯೊಳಗಿನ ಗುಂಯ್‌ಗುಡುವಿಕೆಯೋ ತಿಳಿಯದಂತಾಗಿತ್ತು. ಆಮೇಲೆ ಅದೂ ಇಲ್ಲ. ಜೇಬೆಜ್ ಅಂದು ಮನೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಜೇಬೆಜ್ ಮತ್ತು ಅವನ ಅಕ್ಕ ಹೆಪ್ಸಿಬಾ ಬೆಟ್ಟದ ಬುಡದ ಸೇಬಿನ ತೋಟದಲ್ಲಿ ಇಬ್ಬರೇ ಇದ್ದವರು. ಇಬ್ಬರೂ ಮದುವೆಯಾಗಲಿಲ್ಲ. ಅವನು ಬೇಲಿ ಕಟ್ಟುವ ಕೆಲಸದವನು, ಅಕ್ಷರ ಬಾರದವನು, ಮಾತು ಕಡಿಮೆ. ಇದ್ದ ಮಾತನ್ನೂ ಜೇನುಗಳ ಹತ್ತಿರವೇ ಹೆಚ್ಚಾಗಿ ಆಡುತ್ತಿದ್ದ. ಹೆಪ್ಸಿ ಅದಕ್ಕೆ ತದ್ವಿರುದ್ಧ. ಚರ್ಚಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ನನ್ನದು, ಬಲಿಪೀಠಕ್ಕೆ ಹೂವು ತರುವ ಕೆಲಸ ಅವಳದು. ಹಾಗಾಗಿ ಶನಿವಾರಗಳಲ್ಲಿ ಅವಳ ಮಾತು ಕೇಳುವ ಕೆಲಸವೂ ನನ್ನದೇ ಆಗಿತ್ತು.

ಆ ಬೆಳಗ್ಗೆ ನಡೆದದ್ದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು. ಇಬ್ಬರೂ ಚರ್ಚಿಗೆ ಹೊರಟು ಬಾಗಿಲಲ್ಲಿದ್ದಾಗ ಜೇನು ಎದ್ದಿತಂತೆ. ಕರ್ತನ ದಿನ, ಬಿಟ್ಟುಬಿಡು ಎಂದು ಅವಳು. ಕರ್ತನೇ ಎಬ್ಬಿಸಿದ್ದಾನೆ ಎಂದು ಅವನು. ಅವನು ಹಿತ್ತಾಳೆ ಬೋಗುಣಿ ತೆಗೆದುಕೊಂಡಾಗ ಅವಳಿಗೆ ಸಿಟ್ಟು ಬಂತು.

“ಹೋಗು, ಆ ಹುಳುಗಳ ಜೊತೆಗೇ ಸಂಸಾರ ಮಾಡ್ಕೋ ಹೋಗು ಅಂದ್ಬಿಟ್ಟೆ ಕಣೇ ಲೆಟ್ಟಿ,” ಎಂದಳು. “ಹಿಂತಿರುಗಿ ಕೂಡ ನೋಡ್ಲಿಲ್ಲ. ನೋಡೋಕೆ ಆಗೋದಿಲ್ಲವಲ್ಲ, ಹಿಂಡಿನಿಂದ ಕಣ್ಣು ತೆಗೆದ್ರೆ ಮುಗೀತು.”

ಊರಿನ ಗಂಡಸರು ಹುಡುಕಿದರು. ಗಿರಣಿಯ ಕೊಳಕ್ಕೆ ಕೊಕ್ಕೆ ಹಾಕಿ ಎಳೆದರು. ಹಳೆಯ ಕಲ್ಲುಗಣಿಗೆ ಹಗ್ಗ ಕಟ್ಟಿಕೊಂಡು ಇಳಿದರು. ಕಾಡಿನಲ್ಲಿ ಸಾಲಾಗಿ ನಡೆದು ಜರೀಗಿಡಗಳನ್ನು ಕೋಲಿನಿಂದ ಸರಿಸಿದರು. ಬೆಟ್ಟದ ನೆತ್ತಿಯವರೆಗೂ ಹೋದರು. ನೆತ್ತಿಯಲ್ಲಿ ನಮ್ಮ ಚರ್ಚಿನ ಸೀಮೆ ಮುಗಿಯುತ್ತದೆ, ಅಲ್ಲೊಂದು ಗಡಿಕಲ್ಲಿದೆ. ಪ್ರತಿ ವರ್ಷ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚೆ ಪಾದ್ರಿಗಳು ಶಿಲುಬೆ ಹಿಡಿದು ಮುಂದೆ, ನಾವು ಹಾಡುತ್ತ ಹಿಂದೆ, ಊರಿನ ಗಡಿಯುದ್ದಕ್ಕೂ ನಡೆದು ಹೊಲಗಳನ್ನು ಆಶೀರ್ವದಿಸುತ್ತೇವೆ. ಆ ಕಲ್ಲನ್ನು ಮುಟ್ಟಿ, ಸಂಕೀರ್ತನೆ ಹೇಳಿ, ಹಿಂದಿರುಗುತ್ತೇವೆ. ಕಲ್ಲಿನಾಚೆ ವೇಲ್ಸ್ ದೇಶ. ಅಲ್ಲಿಯವರ ಮಾತು ಬೇರೆ, ಪ್ರಾರ್ಥನಾಮಂದಿರ ಬೇರೆ. ಹುಟ್ಟಿದಾಗಿನಿಂದ ಆ ಕಲ್ಲಿನ ಹತ್ತಿರ ತಿರುಗಿ ತಿರುಗಿ ನಮ್ಮೂರ ಕಾಲುಗಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಹುಡುಕಲು ಹೋದವರೂ ಕಲ್ಲಿನ ಬಳಿ ನಿಂತು, ಆಚೆಯ ಕಣಿವೆಗೆ ಕೈ ಬಾಯಿಗಿಟ್ಟು ಕೂಗಿ, ಉತ್ತರ ಬಾರದಿರಲು ಮರಳಿದರು. ತಾವು ಎಲ್ಲ ಕಡೆ ಹುಡುಕಿದೆವು ಎಂದೇ ಅವರು ಹೇಳಿದರು. ಅದರಲ್ಲಿ ಸುಳ್ಳಿತ್ತೆಂದು ಅವರಿಗೂ ಗೊತ್ತಿರಲಿಲ್ಲ.

ಬಾಕಿ ಉಳಿದದ್ದು ಮಾತು. ಜೇಬೆಜ್ ಪಟ್ಟಣಕ್ಕೆ ಹೋಗಿ ವಿಧವೆಯೊಬ್ಬಳ ಜೊತೆ ಇದ್ದಾನೆ ಎಂದು ಕೆಲವರು. ಅವನಿಗೆ ವಿಧವೆಯ ಹತ್ತಿರ ಮಾತಾಡುವ ಧೈರ್ಯ ಇದ್ದಿದ್ದರೆ ಇಷ್ಟು ವರ್ಷ ಹೆಪ್ಸಿಯ ಕೈಯಡುಗೆ ತಿನ್ನುತ್ತಿದ್ದನೇ ಎಂದು ಇನ್ನು ಕೆಲವರು. ಬೆಟ್ಟದೊಳಗೆ ಕಿನ್ನರರಂಥ ಸಣ್ಣ ಜನ ಇದ್ದಾರೆ, ಜೇನಿನ ಹಿಂದೆ ಹೋದವನಿಗೆ ಅವರ ಬಾಗಿಲು ತೆರೆಯುತ್ತದೆ, ಒಳಗಿನ ಒಂದು ಸಂಜೆ ಹೊರಗಿನ ಒಂದು ಆಯುಷ್ಯ ಎಂದು ಮುದುಕರು ಹೇಳಿದರು. ನಾನು ಇಂಥದ್ದನ್ನು ನಂಬುವವಳಲ್ಲ. ಆದರೂ ಆ ದಿನಗಳಲ್ಲಿ ಮಧ್ಯಾಹ್ನ ಬಟ್ಟೆ ಒಣಗಹಾಕಿ ಬೇಲಿಯ ಪಕ್ಕ ಕೂತು ಕಣ್ಣು ಮುಚ್ಚಿದರೆ, ಜೇಬೆಜ್ ಒಂದು ಹಳದಿ ಬೆಳಕಿನೊಳಗೆ ನಡೆದು ಹೋಗುವುದು ಕಾಣುತ್ತಿತ್ತು. ಅವನ ತಲೆಯ ಸುತ್ತ ಹುಳುಗಳು ಪ್ರಭಾವಳಿಯ ಹಾಗೆ ತಿರುಗುತ್ತಿದ್ದವು. ಕೈ ಬೋಗುಣಿ ಬಡಿಯುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಕಣ್ಣು ತೆರೆದಾಗ ಬಲಿಪೀಠದ ಬಿಳಿ ಬಟ್ಟೆ ಗಾಳಿಗೆ ಉಬ್ಬಿರುತ್ತಿತ್ತು, ಅಷ್ಟೇ.

ಜೂನ್ ಕಳೆಯುವ ಹೊತ್ತಿಗೆ ಜೇನುಗೂಡುಗಳು ಮಂಕಾದವು. ಒಂದು ಗೂಡು ಪೂರ್ತಿ ಸತ್ತಿತು. ಪಕ್ಕದ ಮನೆಯ ಬೆಡ್ಡೋಸಮ್ಮನಿಗೆ ಇದು ಸಹಿಸಲಾಗಲಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜೇನಿಗೆ ಹೋಗಿ ಹೇಳಬೇಕು, ಗೂಡಿಗೆ ಕಪ್ಪು ಬಟ್ಟೆ ಕಟ್ಟಬೇಕು. ಹೇಳದಿದ್ದರೆ ಅವು ಮುನಿಸಿಕೊಂಡು ಸಾಯುತ್ತವೆ, ಇಲ್ಲವೇ ಎದ್ದು ಹೋಗುತ್ತವೆ. ಇದು ನಮ್ಮ ಕಡೆ ಪಾದ್ರಿಗಳಿಂದ ಹಿಡಿದು ಕುರಿ ಕಾಯುವವನವರೆಗೆ ಎಲ್ಲರೂ ಮಾಡುವಂಥದ್ದು. ಹೆಪ್ಸಿ ಹೂವು ಇಡಲು ಚರ್ಚಿಗೆ ಬಂದಿದ್ದಾಗ ಬೆಡ್ಡೋಸಮ್ಮ ತನ್ನ ಗಂಡನ ಸಾವಿಗೆ ತೊಟ್ಟಿದ್ದ ಲಂಗವನ್ನು ಹರಿದು, ಒಂದೊಂದು ಗೂಡಿಗೂ ಒಂದೊಂದು ಪಟ್ಟಿ ಕಟ್ಟಿ, ಮೆಲ್ಲಗೆ ತಟ್ಟಿ, “ನಿಮ್ಮೊಡೆಯ ಇಲ್ಲ ಕಣ್ರಪ್ಪಾ, ಇನ್ಮೇಲೆ ಅಕ್ಕನ ಮಾತು ಕೇಳ್ಕೊಂಡಿರಿ” ಎಂದು ಹೇಳಿ ಬಂದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಹೆಪ್ಸಿ ಮನೆಗೆ ಬಂದು ನೋಡಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಬೇಲಿಯ ಹತ್ತಿರ ಹೋಗಿ, “ಬೆಡ್ಡೋಸಮ್ಮಾ, ನನ್ನ ತಮ್ಮನ್ನ ನೀನು ಕೊಂದೆ,” ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಬಟ್ಟೆಯನ್ನು ಬಿಚ್ಚಲೂ ಅವಳಿಗೆ ಧೈರ್ಯವಾಗಲಿಲ್ಲ. ಒಮ್ಮೆ ಕಟ್ಟಿದ ಕಪ್ಪನ್ನು ದುಃಖದ ಅವಧಿ ಮುಗಿಯುವ ಮೊದಲು ಬಿಚ್ಚಿದರೆ ಜೇನಿಗೆ ಸುಳ್ಳು ಹೇಳಿದ ಹಾಗೆ. ಬೇಸಗೆಯೆಲ್ಲ ಆ ಪಟ್ಟಿಗಳು ಹಾಗೇ ಇದ್ದವು. ಅವಳು ಒಲೆ ಹಚ್ಚುವುದನ್ನೂ ಬಿಟ್ಟಳು. ಒಬ್ಬಳಿಗೆ ಏನು ಬೇಯಿಸುವುದು ಎಂದು ತಣ್ಣನೆಯ ರೊಟ್ಟಿ, ಚೀಸು ತಿಂದು ದಿನ ಕಳೆದಳು.

ಜೇನಿಗೆ ಹೇಳಿ ಆದ ಮೇಲೆ ಊರು ಸುಮ್ಮನಿರುತ್ತದೆಯೇ? ಸಾವಿನ ಗಂಟೆ ಬಾರಿಸಬೇಕು, ಪ್ರಾರ್ಥನೆ ಆಗಬೇಕು, ಇಲ್ಲದಿದ್ದರೆ ಆತ್ಮ ಬೇಲಿಗಳಲ್ಲೇ ಅಲೆಯುತ್ತದೆ ಎಂದು ಜನ ಪಾದ್ರಿಗಳ ಹತ್ತಿರ ಹೋದರು. ಪಾದ್ರಿ ಥರ್ಲೋ ಮೃದು ಸ್ವಭಾವದವರು. ಬಟ್ಟೆ ಕೊಡಲು ಹೋಗಿದ್ದ ನನ್ನ ಎದುರಿನಲ್ಲೇ ಅವರು ಹೆಪ್ಸಿಯನ್ನು ಕೂರಿಸಿ, ದೇವರ ಚಿತ್ತಕ್ಕೆ ತಲೆಬಾಗುವುದೂ ಒಂದು ಪ್ರಾರ್ಥನೆಯೇ ಎಂದು ನಿಧಾನವಾಗಿ ತಿಳಿಹೇಳಿದರು.

“ದೇವರ ಚಿತ್ತ ಏನೂಂತ ದೇವರೇ ಹೇಳ್ಲಿ ಪಾದ್ರಿಗಳೇ,” ಎಂದಳು ಹೆಪ್ಸಿ. “ಬೆಡ್ಡೋಸಮ್ಮನ ಲಂಗ ಹೇಳಿದ್ದನ್ನ ನಾನು ಕೇಳೋದಿಲ್ಲ. ಗಂಟೆ ಬಾರಿಸಿದ್ರೆ ಅವನು ಸತ್ತ ಹಾಗೇ. ಆಮೇಲೆ ಬದುಕಿ ಬಂದ್ರೂ ಯಾರು ನಂಬ್ತಾರೆ?”

ಪಾದ್ರಿಗಳು ನಗಲಿಲ್ಲ. ಸುಗ್ಗಿಯ ಹಬ್ಬದವರೆಗೆ ಕಾಯುತ್ತೇನೆ, ಅದರ ಮರುದಿನ ಗಂಟೆ ಬಾರಿಸಲೇಬೇಕು ಎಂದರು. ಹೆಪ್ಸಿ ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ಅವಳು ಬಲಿಪೀಠದ ಮುಂದೆ ಹೂವಿಟ್ಟು ಕೂತರೆ ಏಳುತ್ತಲೇ ಇರಲಿಲ್ಲ. ಅವಳ ತುಟಿ ಅಲುಗುವುದನ್ನು ನಾನು ನೋಡುತ್ತಿದ್ದೆ. ಏನು ಕೇಳುತ್ತೀ ಎಂದು ಒಮ್ಮೆ ಕೇಳಿದೆ. ಅವನನ್ನು ಕೊಡು ಅಂತ ಕೇಳುವುದಿಲ್ಲ, ಇದ್ದಾನೋ ಇಲ್ಲವೋ ಅಷ್ಟು ತಿಳಿಸು ಅಂತ ಕೇಳುತ್ತೇನೆ ಎಂದಳು.

ಸುಗ್ಗಿಯ ಹಬ್ಬ ಹತ್ತಿರ ಬಂತು. ಬೆಟ್ಟದ ಮೇಲೆ ಸಣ್ಣ ಕಪ್ಪು ಕಾಡುಹಣ್ಣುಗಳ ಕೊನೆಯ ಬೆಳೆ. ಅವುಗಳನ್ನು ಕೀಳಲು ನಾನು ಹೆಪ್ಸಿಯ ತೋಟದ ಮೇಲ್ಬದಿಯ ದಾರಿ ಹಿಡಿದೆ. ಬೇರೆ ದಿನಗಳಲ್ಲಿ ಆ ಕಡೆ ಯಾರೂ ಹೋಗುವುದಿಲ್ಲ. ತೋಟದ ತುದಿಯಲ್ಲಿ ಬೇಲಿ ದಾಟಲು ಒಂದು ತಡಮೆ ಇದೆ, ಎರಡು ಹಲಗೆ ಮೆಟ್ಟಿಲು. ಅದರ ಕಂಬಕ್ಕೆ ಹಿತ್ತಾಳೆ ಬೋಗುಣಿ ತೂಗುಹಾಕಿತ್ತು. ಒಳಗೆ ಬೀಗದ ಕೈ. ಮಳೆ ಬಿದ್ದು ಮೂರು ನಾಲ್ಕು ದಿನ ಆಗಿತ್ತು, ಬೋಗುಣಿಯಲ್ಲಿ ಹನಿ ನೀರಿರಲಿಲ್ಲ.

ನಾನು ಅದನ್ನು ಮುಟ್ಟಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು ಹೆಪ್ಸಿಯನ್ನು ಕರೆಯಲು ಓಡಿದೆ. ನನ್ನ ಮುಖ ನೋಡಿ ಬೆಡ್ಡೋಸಮ್ಮನೂ ಹಿಂದೆ ಬಂದಳು.

“ಅಯ್ಯೋ, ಆತ್ಮ ಬಂದು ಬೀಗದ ಕೈ ಒಪ್ಪಿಸಿ ಹೋಗಿದೆ,” ಎಂದಳು ಬೆಡ್ಡೋಸಮ್ಮ. “ನಾನು ಹೇಳ್ಲಿಲ್ವಾ? ಗಂಟೆ ಬಾರಿಸಿ, ಪಾಪ, ಅವನನ್ನ ಕಳಿಸಿಕೊಡಿ.”

ಹೆಪ್ಸಿ ಅವಳ ಕಡೆ ನೋಡಲೂ ಇಲ್ಲ. ಅವಳ ಕಣ್ಣು ನೆಲದ ಮೇಲಿತ್ತು. ತಡಮೆಯ ಬುಡದಲ್ಲಿ ಊಟೆಯ ನೀರು ಜಿನುಗಿ ಮಣ್ಣು ಯಾವಾಗಲೂ ಹಸಿ. ಆ ಮಣ್ಣಿನಲ್ಲಿ ಬೂಟಿನ ಗುರುತಿತ್ತು. ಒಂದೇ ಕಾಲಿನದು ಆಳವಾಗಿ. ಇನ್ನೊಂದು ಕಾಲಿನ ಕಡೆ ಎಳೆದ ಗೆರೆ, ಅದರ ಪಕ್ಕ ಕೋಲು ಊರಿದ ಗುಂಡನೆಯ ಗುಳಿ. ಬೆಟ್ಟದಿಂದ ಇಳಿದು ತಡಮೆಯವರೆಗೆ ಬಂದು, ಅಲ್ಲೇ ಬಹಳ ಹೊತ್ತು ನಿಂತು, ಮತ್ತೆ ಬೆಟ್ಟಕ್ಕೇ ತಿರುಗಿದ ಗುರುತು.

“ಆತ್ಮಕ್ಕೆ ಊರುಗೋಲು ಯಾಕಮ್ಮಾ?” ಎಂದಳು.

ಹೆಪ್ಸಿ ತಡಮೆಯ ಮೇಲೇರಿ, ಮನೆಯ ಕಡೆ ಮುಖ ಮಾಡಿ ನಿಂತಳು. ಅವನು ನಿಂತಿದ್ದ ಹಾಗೆಯೇ. ಗಾಳಿ ಇರಲಿಲ್ಲ. ಕೆಳಗೆ ಹೊಲಗಳಲ್ಲಿ ಗೋಧಿ ಕೊಯ್ಯುವವರ ಮಾತು ನೀರಿನಡಿಯಿಂದ ಬಂದ ಹಾಗೆ ಕೇಳಿಸುತ್ತಿತ್ತು. ಅವಳು ಎಷ್ಟು ಹೊತ್ತು ಹಾಗೆ ನಿಂತಳೆಂದರೆ, ನಿದ್ದೆ ಹೋದಳೇನೋ ಎಂದುಕೊಂಡೆ.

“ಲೆಟ್ಟಿ, ಇಲ್ಲಿ ಹತ್ತಿ ಬಾ. ಏನು ಕಾಣುತ್ತೆ ಹೇಳು.”

ಹತ್ತಿದೆ. ಮನೆ ಕಾಣುತ್ತದೆ ಎಂದೆ. ಹೊಗೆಗೂಡಿನಲ್ಲಿ ಹೊಗೆ ಇಲ್ಲ. ಕಿಟಕಿ ಮುಚ್ಚಿದೆ. ಸೇಬಿನ ಮರಗಳು. ಮರಗಳ ಕೆಳಗೆ ಜೇನುಗೂಡುಗಳು, ಒಂದೊಂದರ ಮೇಲೂ ಕಪ್ಪು.

“ಆ ಮನೇಲಿ ಯಾರೋ ಸತ್ತಿದ್ದಾರೆ ಅಂತ ಕಾಣುತ್ತಲ್ವಾ?”

“ಹೂಂ.”

“ಆ ಮನೇಲಿ ಇದ್ದವರೇ ಇಬ್ರು ಕಣೇ. ಒಬ್ಬ ಇಲ್ಲಿ ನಿಂತಿದ್ದ.”

ಬದುಕಿರುವವನು ತನ್ನ ಸಾವಿಗೆ ಕಪ್ಪು ಕಟ್ಟಿದ್ದಾರೆ ಎಂದು ಹೇಗೆ ತಿಳಿದಾನು? ಅವನು ಅಕ್ಕ ಸತ್ತಳೆಂದು ತಿಳಿದ. ಇನ್ನು ತನಗೆ ಈ ಮನೆಯಿಲ್ಲ ಎಂದು ಬೀಗದ ಕೈ ಬಿಟ್ಟು ಹೋದ. ಬೆಡ್ಡೋಸಮ್ಮ ಕೆಳಗೆ ಹುಲ್ಲಿನ ಮೇಲೆ ಕುಸಿದು ಕೂತು ಮುಖಕ್ಕೆ ಏಪ್ರನ್ ಒತ್ತಿಕೊಂಡಳು. ಹೆಪ್ಸಿ ಇಳಿದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಹೇಳಿದ್ದು ಇಷ್ಟೇ: “ಎದ್ದೇಳು. ಹೋಗಿ ಆ ಬಟ್ಟೆ ನೀನೇ ಬಿಚ್ಚು. ತಪ್ಪು ಸುದ್ದಿ ಹೇಳಿದ್ದೆ ಅಂತ ಹುಳುಗಳ ಹತ್ರ ಕ್ಷಮೆ ಕೇಳು. ನಮ್ಮಲ್ಲಿ ಒಲೇನೂ ಹಚ್ಚಿಡು.”

ನಾವಿಬ್ಬರೂ ಬೆಟ್ಟ ಹತ್ತಿದೆವು. ಕೋಲಿನ ಗುಳಿ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು, ಹುಲ್ಲಿನಲ್ಲಿ ಕಳೆದುಹೋಗುತ್ತಿತ್ತು, ಮತ್ತೆ ಸಿಗುತ್ತಿತ್ತು. ನೆತ್ತಿಯ ಕುರುಚಲೆಲ್ಲ ನೇರಳೆ ಹೂವು. ಊರಿನ ಜೇನುಗಳೆಲ್ಲ ಅಲ್ಲೇ ಇದ್ದವೋ ಏನೋ, ನೆಲವೇ ಒಂದು ಶ್ರುತಿ ಹಿಡಿದ ಹಾಗೆ ಗುಂಯ್‌ಗುಡುತ್ತಿತ್ತು. ಗಡಿಕಲ್ಲಿನ ಹತ್ತಿರ ನಮ್ಮ ಕಾಲುಗಳು ತಾವಾಗಿಯೇ ನಿಂತವು. ನಾಚಿಕೆಯಾಗುವಂಥ ಮಾತು, ಆದರೆ ನಿಜ. ಹೆಪ್ಸಿ ಕಲ್ಲನ್ನು ಮುಟ್ಟಿದಳು, ನಾನೂ ಮುಟ್ಟಿದೆ. ಪ್ರತಿ ವರ್ಷ ಅಲ್ಲಿ ಹೇಳುವ ಸಂಕೀರ್ತನೆ ನನ್ನ ಬಾಯಿಗೆ ಬಂತು. ಅರ್ಧ ಹೇಳಿದೆ. ಹೇಳುತ್ತಾ ಹೇಳುತ್ತಾ ತಿರುಗಿ ನೋಡಿದರೆ ಹೆಪ್ಸಿ ಆಗಲೇ ಆಚೆ ಇಳಿಯುತ್ತಿದ್ದಳು. ಉಳಿದರ್ಧವನ್ನು ವೇಲ್ಸ್‌ನಲ್ಲಿ ಮುಗಿಸಿದೆ.

ಕೋಲೂರಿಕೊಂಡವನು ಎಷ್ಟು ದೂರ ಹೋದಾನು? ಆಚೆಯ ಇಳಿಜಾರಿನಲ್ಲಿ ಕಾಣುತ್ತಿದ್ದ ಹೊಗೆ ಒಂದೇ. ಕಲ್ಲಿನ ತಗ್ಗು ಮನೆ, ಕುರಿದೊಡ್ಡಿ, ಕುಂಟುತ್ತ ಬಂದು ನಮ್ಮನ್ನು ಬೊಗಳಿ ಸುಸ್ತಾದ ಒಂದು ಮುದಿ ನಾಯಿ. ಮನೆಯ ಗೋಡೆಗೆ ಒರಗಿ ಬಿಸಿಲಲ್ಲಿ ಜೇಬೆಜ್ ಕೂತಿದ್ದ. ಮಡಿಲಲ್ಲಿ ಹುಲ್ಲು; ಜೇನಿಗೆ ಹೊಸ ಗೂಡು ಹೆಣೆಯುತ್ತಿದ್ದ. ತಲೆ ಎತ್ತಿ ಅಕ್ಕನನ್ನು ನೋಡಿದ. ಗಾಬರಿಯಾಗಲಿಲ್ಲ. ಟೋಪಿ ತೆಗೆದು ಎದೆಗಿಟ್ಟುಕೊಂಡು, ಕಣ್ಣು ಮುಚ್ಚಿ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿದ.

“ಅದನ್ನ ಆಮೇಲೆ ಹೇಳು,” ಎಂದಳು ಹೆಪ್ಸಿ. “ನಾನು ಸತ್ತಿಲ್ಲ.”

ಅವನು ಒಂದು ಕಣ್ಣು ತೆರೆದ.

“ಗೂಡಿಗೆ ಕಪ್ಪು ಕಟ್ಟಿತ್ತಲ್ಲಾ.”

“ನಿನಗೆ ಕಣೋ ಕಟ್ಟಿದ್ದು.”

“ನನಗಾ? ನಾನು ಬದುಕಿದ್ನಲ್ಲಾ,” ಎಂದ ಅವನು, ನಿಜವಾಗಿಯೂ ಅರ್ಥವಾಗದೆ.

ಅಷ್ಟರಲ್ಲಿ ಮನೆಯೊಡತಿ ಹೊರಗೆ ಬಂದಳು. ಗ್ವೆನ್ಲಿಯನ್ ಎಂದು ಹೆಸರು. ನಮಗೆ ಅವಳ ಮಾತು ಬಾರದು, ಅವಳಿಗೆ ನಮ್ಮದು ಬಾರದು. ಆದರೂ ಕೈಸನ್ನೆ ಮಾಡಿ, ಕಣ್ಣು ಮುಚ್ಚಿ ತೆರೆದು, ಕಾಲು ತೋರಿಸಿ ಅವಳೂ, ನಡುನಡುವೆ ಒಂದೊಂದು ಮಾತಿನಲ್ಲಿ ಅವನೂ ನಡೆದದ್ದನ್ನು ಹೇಳಿದರು. ಹಿಂಡಿನಿಂದ ಕಣ್ಣು ಕೀಳದೆ ಹೋದವನು ಹಳ್ಳದ ಅಂಚು ನೋಡಲಿಲ್ಲ. ಬಿದ್ದ. ಕಾಲು ಮುರಿಯಿತು, ತಲೆಗೆ ಏಟಾಯಿತು. ಕುರಿ ಹುಡುಕುತ್ತ ಬಂದ ಅವಳ ಗಂಡ ಬೆನ್ನ ಮೇಲೆ ಹೊತ್ತು ತಂದ. ವಾರಗಟ್ಟಲೆ ಜ್ವರ. ಎಚ್ಚರವಾದ ಮೇಲೆ ಅವನು ಊರ ಹೆಸರು ಹೇಳಿದರೆ ಅವರಿಗೆ ತಿಳಿಯಲಿಲ್ಲ, ಬರೆದು ತೋರಿಸಲು ಅವನಿಗೆ ಬಾರದು. ಕಾಲೂರಲು ಆದ ದಿನವೇ ಕೋಲು ಹಿಡಿದು ಹೊರಟ. ಸಂಜೆಯ ಹೊತ್ತಿಗೆ ವಾಪಸು ಬಂದವನು ಏನೂ ಹೇಳಲಿಲ್ಲ; ಗೋಡೆಗೆ ಮುಖ ಮಾಡಿ ಮಲಗಿದನಂತೆ.

ಹೆಪ್ಸಿ ಎಲ್ಲವನ್ನೂ ನಿಂತೇ ಕೇಳಿದಳು.

“ನಾನು ಸತ್ತೆ ಅಂತ ತಿಳಿದೆ,” ಎಂದಳು. “ತಿಳಿದೂ ಕೆಳಗಿಳಿದು ಬರ್ಲಿಲ್ಲ. ಅಕ್ಕನ ಗೋರಿಗೆ ಒಂದು ಹಿಡಿ ಮಣ್ಣು ಹಾಕ್ಬೇಕು ಅಂತ ಅನ್ನಿಸ್ಲಿಲ್ವೇನೋ ನಿಂಗೆ?”

ಜೇಬೆಜ್ ಕೈಯಲ್ಲಿದ್ದ ಹುಲ್ಲಿನ ಎಳೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಇಳಿದಿದ್ರೆ ಗೋರಿ ನೋಡ್ಬೇಕಾಗ್ತಿತ್ತು,” ಎಂದ. “ನೋಡದೆ ಬಂದ್ಬಿಟ್ರೆ, ಗುಡ್ಡದ ಆಚೆ ಅಡುಗೆಮನೇಲಿ ನೀನು ನನ್ನ ಬೈತಾ ಇದ್ದೀಯ ಅಂತ ಇಲ್ಲಿ ಕೂತು ಅಂದ್ಕೋಬಹುದಿತ್ತು.”

ಬೇಸಗೆಯೆಲ್ಲ ಗಂಟೆಯ ಹಗ್ಗಕ್ಕೆ ಯಾರೂ ಕೈ ಹಾಕದಂತೆ ಕಾದಿದ್ದವಳು ಹೆಪ್ಸಿ. ಅವನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ; ಎದುರಿನ ಇಳಿಜಾರಿನ ಕುರಿಗಳನ್ನು ನೋಡುತ್ತ ಕೂತರು. ನನಗೆ ಆ ಕ್ಷಣ ಚರ್ಚಿನೊಳಗೆ ಇದ್ದ ಹಾಗೆ ಅನ್ನಿಸಿತು, ಮೇಲೆ ಚಾವಣಿ ಇರಲಿಲ್ಲ ಅಷ್ಟೇ.

ಆಮೇಲೆ ಹೆಪ್ಸಿ ಬಗ್ಗಿ ಅವನ ಕುಂಟುಕಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಮೂಳೆ ಕೂಡಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕಾಲಿಗೆ ದಪ್ಪ ಉಣ್ಣೆಯ ಹೊಸ ಕಾಲುಚೀಲ ಇತ್ತು, ಗ್ವೆನ್ಲಿಯನ್ ಹೆಣೆದದ್ದು.

“ಹಿಮ್ಮಡಿಯ ಹತ್ರ ಹೆಣಿಗೆ ಸರಿಯಾಗಿ ತಿರುಗ್ಸಿಲ್ಲ,” ಎಂದಳು ಹೆಪ್ಸಿ, ಮೆಲ್ಲಗೆ.

“ಬೆಚ್ಚಗಿದೆ,” ಎಂದ ಜೇಬೆಜ್.

ಗ್ವೆನ್ಲಿಯನ್ ನಮ್ಮನ್ನು ಒಳಗೆ ಕರೆದಳು. ಮೇಜಿನ ಮೇಲೆ ಓಟ್ಸ್ ರೊಟ್ಟಿ, ಉಪ್ಪು ಹೆಚ್ಚಾದ ಬೆಣ್ಣೆ, ಮಜ್ಜಿಗೆ. ತಿನ್ನುವ ಮೊದಲು ಅವಳು ತಲೆಬಾಗಿ ತನ್ನ ಮಾತಿನಲ್ಲಿ ದೇವರಿಗೆ ಸ್ತೋತ್ರ ಹೇಳಿದಳು. ಉದ್ದನೆಯ ಸ್ತೋತ್ರ, ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಹಳ್ಳದ ನೀರು ಹರಿದ ಹಾಗೆ ಹರಿಯಿತು, ಎರಡು ಸಲ ಏರಿತು, ಇಳಿಯಿತು. ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ನಮ್ಮೆಲ್ಲರಿಗೂ ಗೊತ್ತಾಯಿತು. ಹೆಪ್ಸಿ ಎಲ್ಲರಿಗಿಂತ ಮುಂಚೆ ಆಮೆನ್ ಎಂದು, ತಮ್ಮನ ರೊಟ್ಟಿಗೆ ತಾನೇ ಬೆಣ್ಣೆ ಸವರಿದಳು.